ಆಚೆ ದಡಕ್ಕೆ ಇಳಿಯದ ಸೇತುವೆ

ಶಾಲೆಯ ಕೋಣೆಯಿಂದ,
ಸೋಮವಾರ ಸಂಜೆ

ಮಾನ್ಯ ಸಂಸದರಿಗೆ,

ಹೀಗೆಂದು ಬರೆದು ಓದಿ ನೋಡಿದರೆ ನನಗೇ ನಗು ಬಂತು. ಇರಲಿ, ಹೊಡೆದುಹಾಕುವುದಿಲ್ಲ. ನೀವು ನನಗೆ ಬರೆಸಿದ್ದೂ ಹೀಗೇ ತಾನೆ? ಮೇಲೆ ಕಡತದ ಸಂಖ್ಯೆ, ಆಮೇಲೆ "ಮಾನ್ಯರೇ", ಕೆಳಗೆ "ತಮ್ಮ ವಿಶ್ವಾಸಿ", ಸಹಿ ಇರಬೇಕಾದ ಕಡೆ ರಬ್ಬರ್ ಸ್ಟಾಂಪು. ಕಟ್ಟಿಕೊಂಡ ಹೆಂಡತಿಗೆ ರಬ್ಬರ್ ಸ್ಟಾಂಪು! ಅತ್ತೆಗೆ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ, ನನ್ನ ಮಗ ನಿನಗೆ ಕಾಗದ ಬರೆದಿದ್ದಾನೋ ನೀರಿನ ಕಂದಾಯದ ನೋಟೀಸು ಕಳಿಸಿದ್ದಾನೋ ಅಂತ ಕೇಳಿದರು. ನಿಮ್ಮ ತಾಯಿಯ ಬಾಯಿ ಗಟ್ಟಿಯಾಗಿಯೇ ಇದೆ. ಮಂಡಿನೋವು ಮಾತ್ರ ಹೆಚ್ಚಾಗಿದೆ. ನೀವು ಕೇಳಿಲ್ಲ, ಆದರೂ ಹೇಳಿದೆ.

ರೀ, ಇನ್ನು ಮಾಮೂಲಿನ ಹಾಗೆಯೇ ಬರೆಯುತ್ತೇನೆ.

ಚುನಾವಣೆ ಹತ್ತಿರ ಬಂತು, "ಐದು ವರ್ಷದ ಹೆಜ್ಜೆಗಳು" ಎಂಬ ಪುಸ್ತಕ ಅಚ್ಚಾಗುತ್ತಿದೆ, ಅದರ ಕೊನೆಯ ಪುಟದಲ್ಲಿ "ಸಹಧರ್ಮಿಣಿಯ ಮನದ ಮಾತು" ಇರಬೇಕು, ಜೊತೆಗೆ ನಾನು ನಗುತ್ತಿರುವ ಒಂದು ಫೋಟೋ ಬೇಕು ಎಂದಿದ್ದೀರಿ. ಬಿಡುಗಡೆಯ ದಿನ ವೇದಿಕೆಯ ಮೇಲೆ ನಿಮ್ಮ ಎಡಗಡೆ ಕುರ್ಚಿಯಲ್ಲಿ ಕೂರಬೇಕು ಎಂದೂ ಇದೆ. ಎರಡು ವರ್ಷದಿಂದ ಒಂದೇ ಮನೆಯಲ್ಲಿ ಊಟ ಮಾಡದ ಗಂಡ ಹೆಂಡತಿ ಒಂದೇ ವೇದಿಕೆಯಲ್ಲಿ ಕೂತರೆ ಜನ ನಂಬುತ್ತಾರೆ ಅಂತ ನಿಮಗೆ ಯಾರು ಹೇಳಿದರೋ. ನನಗೆ ಬರೆಯಲು ಪುರಸೊತ್ತಿರಲಿಕ್ಕಿಲ್ಲವೆಂದು ನಿಮ್ಮ ಕಚೇರಿಯವರು ಮಾದರಿಯನ್ನೂ ಇಟ್ಟಿದ್ದರು: "ನನ್ನ ಪತಿಗೆ ಇಡೀ ಜಿಲ್ಲೆಯೇ ಕುಟುಂಬ. ಮನೆಗೆ ಬರಲು ಅವರಿಗೆ ಸಮಯವಿಲ್ಲ, ಆದರೆ ನನಗೆ ಅದರ ಬಗ್ಗೆ ಹೆಮ್ಮೆಯಿದೆ." ಹೆಮ್ಮೆಯಂತೆ. ಓದಿದಾಗ ಮೈಯೆಲ್ಲ ಉರಿದುಹೋಯಿತು.

ಪುಟ ಎಲ್ಲಿ ಬರುತ್ತದೆ ಎಂದು ತೋರಿಸಲು ಅಚ್ಚಿನ ಕರಡನ್ನೂ ಕಳಿಸಿದ್ದರಲ್ಲ, ಅದನ್ನು ಪೂರ್ತಿ ಓದಿದೆ. ಮುಖ್ಯೋಪಾಧ್ಯಾಯಿನಿಯ ಕೈಗೆ ಕರಡು ಕೊಟ್ಟರೆ ಕೆಂಪು ಪೆನ್ನು ತಾನಾಗಿಯೇ ಮೇಲೇಳುತ್ತದೆ. ನಿಮ್ಮ ಪುಸ್ತಕವನ್ನು ನಿಮ್ಮವರಲ್ಲಿ ಬೇರೆ ಯಾರಾದರೂ ಓದಿದ್ದಾರೋ ಇಲ್ಲವೋ, ನನಗೆ ಅನುಮಾನ. ಓದಿದ್ದರೆ ಹೀಗೆ ಅಚ್ಚು ಹಾಕಿಸಲು ಯಾರಿಗಾದರೂ ನಾಚಿಕೆಯಾಗುತ್ತಿತ್ತು.

ಮೊದಲ ಅಧ್ಯಾಯ "ಸದನದಲ್ಲಿ ನಿಮ್ಮ ದನಿ". ಅಲ್ಲಿ ನೀವು ಕೇಳಿದ ಪ್ರಶ್ನೆಗಳೆಲ್ಲ ಇವೆ. ಪುಟ ತಿರುಗಿಸಿದಷ್ಟೂ ಬಂದರು. ಬಂದರಿನ ಆಳ, ಬಂದರಿನ ಸುಂಕ, ಹಡಗಿನಿಂದ ಸರಕು ಇಳಿಸುವ ಕ್ರೇನು, ಹಡಗಿನವರಿಗೆ ತೆರಿಗೆ ವಿನಾಯಿತಿ. ನಮ್ಮ ಜಿಲ್ಲೆಗೆ ಸಮುದ್ರ ಎಲ್ಲಿದೆ ರೀ? ಇಲ್ಲಿಯ ಜನ ಸಮುದ್ರ ನೋಡಿರುವುದು ಕ್ಯಾಲೆಂಡರಿನಲ್ಲಿ. ನಿಮಗೆ ವೋಟು ಹಾಕಿದವರು ಗದ್ದೆಯವರು, ಹಾಲು ಮಾರುವವರು, ಇಟ್ಟಿಗೆ ಗೂಡಿನವರು. ಅವರಲ್ಲಿ ಯಾರಿಗೆ ಹಡಗಿದೆ? ನಮ್ಮ ಜಿಲ್ಲೆಯ ಬಗ್ಗೆ ಏನಾದರೂ ಕೇಳಿದ್ದೀರಾ ಎಂದು ಹುಡುಕಿದೆ. ಒಂದು ಸಿಕ್ಕಿತು. ನಮ್ಮ ರೈಲು ನಿಲ್ದಾಣದ ಹೆಸರು ಬದಲಿಸುವ ಪ್ರಸ್ತಾವ ಸರ್ಕಾರದ ಮುಂದಿದೆಯೇ? ಉತ್ತರ: ಇಲ್ಲ. ಅಲ್ಲಿಗೆ ನಮ್ಮ ದನಿ ಮುಗಿಯಿತು.

ಬಂದರಿನ ಮೇಲೆ ಇಷ್ಟೊಂದು ಪ್ರೀತಿ ಎಲ್ಲಿಂದ ಬಂತು ಎಂದು ನನಗೆ ಗೊತ್ತಿಲ್ಲವೆಂದುಕೊಳ್ಳಬೇಡಿ. ಜಲಸಾರಿಗೆ ಸಮಿತಿಯ ಅಧ್ಯಕ್ಷರಾಗಬೇಕು ಎಂದು ನಿಮಗೆ ಆಸೆ. ಆ ಕುರ್ಚಿಗೆ ಕಾರಿನ ಮೇಲೆ ಕೆಂಪು ದೀಪ ಬರುತ್ತದಂತೆ. ಅದನ್ನೂ ನಿಮ್ಮ ಆಪ್ತ ಸಹಾಯಕರೇ ನನಗೆ ಹೇಳಿದ್ದು, ಅದೇನೋ ನಮ್ಮ ಮನೆಗೆ ಬರುವ ಸಂಭ್ರಮ ಎಂಬಂತೆ.

ಒಳ್ಳೆಯದು ಏನೂ ಮಾಡಿಲ್ಲ ಎಂದರೆ ನನ್ನ ನಾಲಿಗೆ ಸುಳ್ಳಾಗುತ್ತದೆ. ಆಸ್ಪತ್ರೆಗೆ ಎಕ್ಸ್-ರೇ ಯಂತ್ರ ತರಿಸಿದಿರಿ. ನನ್ನ ಶಾಲೆಗೆ ಹೆಂಚು ತೆಗೆಸಿ ತಾರಸಿ ಹಾಕಿಸಿದಿರಿ. ಎರಡಕ್ಕೂ ಕರಡಿನಲ್ಲಿ ಸರಿ ಗುರುತು ಹಾಕಿದ್ದೇನೆ.

ಆಮೇಲೆ ಬಂತು ನೋಡಿ, ನಡುವಿನ ಎರಡು ಪುಟ ತುಂಬ ಸೇತುವೆ. "ಶತಮಾನದ ಕನಸು ನನಸು." ಆ ಫೋಟೋ ನೋಡಿ ನಾನು ಪುಸ್ತಕ ಮಡಚಿಟ್ಟು ಒಂದು ಸುತ್ತು ಮೈದಾನಕ್ಕೆ ಹೋಗಿ ಬಂದೆ. ಈಚೆ ದಡದಿಂದಲೇ ತೆಗೆದ ಫೋಟೋ. ಸೇತುವೆ ನದಿಯ ಮೇಲೆ ಹೋಗುತ್ತದೆ, ಹೋಗುತ್ತದೆ, ಪುಟದ ಅಂಚಿನಲ್ಲಿ ಮಾಯವಾಗುತ್ತದೆ. ಅದು ಆಚೆ ಎಲ್ಲಿಗೆ ಹೋಗಿ ಇಳಿಯುತ್ತದೆ ಎಂದು ನೋಡುವವರಿಗೆ ಕಾಣಬಾರದಲ್ಲ.

ಎಲ್ಲಿಗೂ ಇಳಿಯುವುದಿಲ್ಲ. ನಿಮಗೆ ಗೊತ್ತು, ಆದರೂ ಬರೆಯುತ್ತೇನೆ, ಯಾಕೆಂದರೆ ಈ ಪುಸ್ತಕ ಓದಿದ ಮೇಲೆ ನಿಮಗೆ ಮರೆತುಹೋಗಿದೆಯೇನೋ ಎನಿಸಿತು. ನದಿಯೇ ನಿಮ್ಮ ಕ್ಷೇತ್ರದ ಗಡಿ. ಆಚೆ ದಡ ಬೇರೆ ಸಂಸದರದ್ದು, ಅದೂ ಎದುರು ಪಕ್ಷದವರದ್ದು. ಕಂಬಗಳು ಎದ್ದವು, ಮೇಲೆ ರಸ್ತೆ ಬಿತ್ತು, ಆಚೆ ತುದಿಯಲ್ಲಿ ನೆಲಕ್ಕೆ ಇಳಿಯುವ ರಸ್ತೆ ಮಾತ್ರ ಆಗಲಿಲ್ಲ. ಅದು ಅವರು ಮಾಡಬೇಕು ಎಂದು ನೀವು, ನಿಮಗೆ ಹೆಸರು ಬರುವ ಕೆಲಸ ನಾವೇಕೆ ಮಾಡಬೇಕು ಎಂದು ಅವರು. ಸೇತುವೆಯ ತುದಿ ಯಾರದೋ ಹೊಲದ ಮೇಲೆ, ಎರಡಾಳು ಎತ್ತರದಲ್ಲಿ, ಬಾಯಿ ಬಿಟ್ಟುಕೊಂಡು ನಿಂತಿದೆ. ನೀವು ಈಚೆ ತುದಿಯಲ್ಲಿ ರಿಬ್ಬನ್ ಕತ್ತರಿಸಿ, ಅರ್ಧದವರೆಗೆ ನಡೆದು, ಕೈ ಬೀಸಿ, ವಾಪಸು ಬಂದಿರಿ. ಅರ್ಧಕ್ಕೇ ಏಕೆ ತಿರುಗಿದಿರಿ ಎಂದು ಆವತ್ತು ಯಾರೂ ಕೇಳಲಿಲ್ಲ. ಬಿಸಿಲಿತ್ತು, ಊಟ ಕಾಯುತ್ತಿತ್ತು.

ಅಷ್ಟೇ ಆಗಿದ್ದರೆ ನಾನು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಕೆಲಸಕ್ಕೆ ಬಾರದ ಸೇತುವೆ ಒಂದು ನಿಂತಿರಲಿ, ಕಾಗೆ ಗುಬ್ಬಿ ಕೂರಲಿ, ದೋಣಿ ಇದೆಯಲ್ಲ ಎಂದುಕೊಂಡಿದ್ದೆವು. ಮಾರನೆಯ ವಾರ ಜಲಸಾರಿಗೆ ಕಚೇರಿಯವರು ಬಂದು ದೋಣಿಗೆ ಬೀಗ ಹಾಕಿದರು. ಗೊಣಗಣ್ಣ ನಿಮಗೆ ನೆನಪಿರಬೇಕು, ಹುಟ್ಟು ಹಾಕುವಾಗಲೂ ಗೊಣಗುತ್ತಲೇ ಇರುವ ನಮ್ಮ ದೋಣಿಯವರು. ಅವತ್ತು ಅವರು ಗೊಣಗಲಿಲ್ಲ. ಸುಮ್ಮನೆ ಕೂತು ಬೀಗ ನೋಡುತ್ತಿದ್ದರು. ಅದನ್ನು ನೋಡಿಯೇ ನನಗೆ ಹೆದರಿಕೆಯಾಯಿತು.

ನಾನು ಆ ಕಚೇರಿಗೆ ಹೋದೆ. ಅಧಿಕಾರಿ ಕೆಟ್ಟವರೇನಲ್ಲ, ಕುರ್ಚಿ ಕೊಟ್ಟು ಕಾಫಿ ತರಿಸಿದರು. ಹೊಸ ಕಾಯಿದೆ ತೆಗೆದು ತೋರಿಸಿದರು. ಸೇತುವೆಯೊಂದು ಉದ್ಘಾಟನೆಯಾದರೆ ಅದರ ಅಕ್ಕಪಕ್ಕದ ದೋಣಿಗಳ ಪರವಾನಗಿ ತಾನಾಗಿಯೇ ರದ್ದು. ಸೇತುವೆಯ ಮೇಲೆ ಜನ ಓಡಾಡುತ್ತಾರೋ ಇಲ್ಲವೋ ಎಂದು ಕಾಯಿದೆ ಕೇಳುವುದಿಲ್ಲ, ಉದ್ಘಾಟನೆ ಆಗಿದೆಯೋ ಎಂದಷ್ಟೇ ಕೇಳುತ್ತದೆ. ದೊಡ್ಡ ಹಡಗಿನವರಿಗೆ ನದಿಯಲ್ಲಿ ದಾರಿ ಸುಲಭವಾಗಲಿ ಎಂದು ಮಾಡಿದ ಕಾಯಿದೆಯಂತೆ. ಯಾರು ಮಾಡಿದ್ದು ಎಂದು ಕೇಳಿದೆ. ಅಧಿಕಾರಿ ಕಾಯಿದೆ ಮಡಚಿಟ್ಟು, ಮೇಡಂ, ನಿಮ್ಮ ಯಜಮಾನರೇ ಅದರ ಪರ ಮಾತಾಡಿದ್ದಾರಲ್ಲ ಅಂದರು.

ಈಗ ಕರಡು ಕೈಗೆ ಬಂದಾಗ ಆ ಮಾತು ನೆನಪಾಗಿ ಹುಡುಕಿದೆ. ಹೌದು, ಇದೆ. "ಜಲಸಾರಿಗೆ ಮಸೂದೆಗೆ ಹೆಮ್ಮೆಯ ಬೆಂಬಲ", ಜೊತೆಗೆ ನೀವು ಮೇಜು ಕುಟ್ಟುತ್ತಿರುವ ಫೋಟೋ. ನಮ್ಮ ಬಾಯಿಗೆ ಮಣ್ಣು ಹಾಕುವ ಕಾಯಿದೆಗೆ ನೀವು ಮೇಜು ಕುಟ್ಟಿದ್ದೀರಿ, ಆಮೇಲೆ ಇಲ್ಲಿ ಬಂದು ರಿಬ್ಬನ್ನನ್ನೂ ನೀವೇ ಕತ್ತರಿಸಿದ್ದೀರಿ. ಅದೇ ಕತ್ತರಿಯಲ್ಲಿ ದೋಣಿಯ ಹಗ್ಗವೂ ಹೋಯಿತು. ಓದಿ ಬೆಂಬಲಿಸಿದಿರಾ, ಓದದೆ ಬೆಂಬಲಿಸಿದಿರಾ? ಓದಿಯೇ ಮಾಡಿದ್ದರೆ ನನಗೆ ನಿಮ್ಮ ಮುಖ ನೋಡುವುದು ಬೇಡ. ಓದಿಲ್ಲ ಎಂದುಕೊಂಡಿದ್ದೇನೆ. ವಕೀಲರಾಗಿದ್ದಾಗ ಬಾಡಿಗೆ ಚೀಟಿಯನ್ನೂ ಮೂರು ಸಲ ಓದುತ್ತಿದ್ದ ಮನುಷ್ಯ ನೀವು.

ನನ್ನ ಶಾಲೆಗೆ ಆಚೆ ದಡದಿಂದ ಮೂವತ್ತಕ್ಕೂ ಹೆಚ್ಚು ಮಕ್ಕಳು ಬರುತ್ತಿದ್ದರು. ಆ ಕಡೆ ಹೈಸ್ಕೂಲಿಲ್ಲ. ಬಸ್ಸಿನಲ್ಲಿ ಸುತ್ತಿ ಬರಬೇಕೆಂದರೆ ಕೆಳಗಿನ ಪಟ್ಟಣದ ಹಳೇ ಸೇತುವೆ ದಾಟಬೇಕು, ಅರ್ಧ ದಿನ ಅಲ್ಲೇ ಹೋಗುತ್ತದೆ. ದೋಣಿ ನಿಂತ ಮೇಲೆ ಆಚೆಯವರು ಸೇತುವೆಯ ತುದಿಗೆ ಮರದ ಏಣಿ ಕಟ್ಟಿದರು. ಚೀಲ ಬೆನ್ನಿಗೆ ಹಾಕಿಕೊಂಡು ಮಕ್ಕಳು ಅದನ್ನು ಹತ್ತಿ, ನಿಮ್ಮ ಶತಮಾನದ ಕನಸಿನ ಮೇಲೆ ನಡೆದುಕೊಂಡು ಬರುತ್ತಿದ್ದರು. ನಾನು ಬೇಡ ಅನ್ನಬೇಕಿತ್ತೇನೋ. ಅನ್ನಲಿಲ್ಲ. ಪರೀಕ್ಷೆ ಹತ್ತಿರವಿತ್ತು.

ಆಚೆ ದಡದ ಇಟ್ಟಿಗೆ ಗೂಡಿನವರ ಮಗಳು, ಹತ್ತನೇ ತರಗತಿಯಲ್ಲಿ ಎಲ್ಲರಿಗಿಂತ ಚುರುಕು, ಮಳೆ ಬಂದ ಮಾರನೆಯ ದಿನ ಆ ಏಣಿಯಿಂದ ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ನೀವು ತರಿಸಿದ ಯಂತ್ರದಲ್ಲೇ ಎಕ್ಸ್-ರೇ ತೆಗೆದರು. ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ, ಮೂಳೆ ಎಲ್ಲಿ ಬಿರುಕು ಬಿಟ್ಟಿದೆ ಎಂದು ನನಗೂ ಕಾಣಿಸಿತು. ಆ ಹುಡುಗಿ ಅಳಲಿಲ್ಲ. ಮಿಸ್ಸು, ಎಡಗೈಯಲ್ಲಿ ಬರೆದ್ರೆ ಮಾರ್ಕ್ಸು ಕಟ್ ಮಾಡ್ತಾರಾ ಅಂತ ಕೇಳಿದಳು. ಅತ್ತವಳು ನಾನು.

ಇನ್ನೂ ಕೇಳಿ. ಅದಾಗಿ ಮೂರನೇ ದಿನ ನಿಮ್ಮ ಸಹಾಯಕರು ಫೋಟೋದವರನ್ನು ಕರೆದುಕೊಂಡು ಬಂದರು. ಏಣಿ ಕಣ್ಣಿಗೆ ಬಿತ್ತು. ಯಾವುದಾದರೂ ಫೋಟೋದಲ್ಲಿ ಅದು ಬಂದುಬಿಟ್ಟರೆ ಚೆನ್ನಾಗಿರುವುದಿಲ್ಲ ಎಂದು ತೆಗೆಸಿ, ಒಡೆಸಿ, ಲಾರಿಗೆ ಹಾಕಿಸಿದರು. ನಾನು ಕೇಳಲು ಹೋದರೆ, ಮಕ್ಕಳ ಸುರಕ್ಷತೆಗೇ ತೆಗೆಸಿದ್ದು ಮೇಡಂ ಅಂದರು. ಕಪಾಳಕ್ಕೆ ಬಿಗಿಯಬೇಕು ಅನ್ನಿಸಿತು. ಪಾಠ ಹೇಳುವ ಕೈ ಎಂದು ತಡೆದುಕೊಂಡೆ. ಅವತ್ತಿನಿಂದ ಆಚೆ ದಡದ ಮಕ್ಕಳ ಬೆಂಚುಗಳೆಲ್ಲ ಖಾಲಿ. ಶನಿವಾರ ಶಾಲೆ ಮುಗಿಸಿ ಬಸ್ಸಿನಲ್ಲಿ ಸುತ್ತಿ ನಾನೇ ಹೋಗುತ್ತೇನೆ, ಗೂಡಿನ ಪಕ್ಕದ ಶೆಡ್ಡಿನಲ್ಲಿ ಪಾಠ ಮಾಡಿ ಭಾನುವಾರ ಹಿಂದಿರುಗುತ್ತೇನೆ. ಅತ್ತೆಯನ್ನು ಪಕ್ಕದ ಮನೆಯವರು ನೋಡಿಕೊಳ್ಳುತ್ತಾರೆ. ಆದರೆ ಪರೀಕ್ಷೆಯನ್ನು ನಾನು ಚೀಲದಲ್ಲಿ ಹೊತ್ತುಕೊಂಡು ಹೋಗಲಾರೆ. ಪರೀಕ್ಷೆ ಬರುವ ತಿಂಗಳು, ಇಲ್ಲೇ, ಈಚೆ ದಡದಲ್ಲಿ. ದಾಟಲು ಆಗದಿದ್ದರೆ ಆ ಮಕ್ಕಳಿಗೆ ಒಂದು ವರ್ಷ ಹೋಯಿತು. ಗೂಡಿನವರ ಮಗಳಿಗೆ ಒಂದು ವರ್ಷ ಅಲ್ಲ, ಓದೇ ಹೋಯಿತು. ಅವಳ ಅಪ್ಪ ಈಗಾಗಲೇ ಅವಳನ್ನು ಗೂಡಿನ ಲೆಕ್ಕ ನೋಡಿಕೊಳ್ಳಲು ಕೂರಿಸುವ ಮಾತಾಡುತ್ತಿದ್ದಾರೆ.

ದಾರಿ ಇತ್ತು. ಅದೇ ಅಧಿಕಾರಿ ಹೇಳಿದರು. ಸೇತುವೆ ಇನ್ನೂ ಬಳಕೆಗೆ ಬಂದಿಲ್ಲ ಎಂದು ಕ್ಷೇತ್ರದ ಸಂಸತ್ ಸದಸ್ಯರ ಹೆಸರಿನಲ್ಲಿ ಒಂದು ಬರಹ ಬರಲಿ ಮೇಡಂ, ಎರಡೇ ಸಾಲು ಸಾಕು, ಮೇಲಿನವರಿಗೆ ತೋರಿಸಿ ದೋಣಿಗೆ ಮತ್ತೆ ಅನುಮತಿ ಕೊಡುತ್ತೇನೆ, ನನಗೂ ಶಾಲೆಗೆ ಹೋಗುವ ಮಗಳಿದ್ದಾಳೆ ಅಂದರು. ನನಗೆ ಹೋದ ಜೀವ ಬಂತು. ಎರಡು ಸಾಲು ತಾನೆ, ನನ್ನ ಗಂಡ ತಾನೆ ಎಂದುಕೊಂಡು ಅವತ್ತೇ ನಿಮಗೆ ಫೋನು ಮಾಡಿದೆ.

ನೀವು ಏನು ಹೇಳಿದಿರಿ ನೆನಪಿದೆಯಾ? ಮೊದಲು, ಮೀಟಿಂಗಿನಲ್ಲಿದ್ದೇನೆ ಅಂದಿರಿ. ಆಮೇಲೆ, ಹಾಗೆ ಬರೆದುಕೊಟ್ಟರೆ ನಾಳೆಯೇ ಪತ್ರಿಕೆಯಲ್ಲಿ ಬರುತ್ತದೆ, ಉದ್ಘಾಟಿಸಿದ ಸೇತುವೆ ಪೂರ್ತಿಯಾಗಿಲ್ಲ ಎಂದು ನಾನೇ ಒಪ್ಪಿಕೊಂಡ ಹಾಗಾಗುತ್ತದೆ, ಚುನಾವಣೆ ಮುಗಿಯಲಿ ಅಂದಿರಿ. ಪರೀಕ್ಷೆ ಅದಕ್ಕೆ ಮುಂಚೆ ಎಂದೆ. ಅದಕ್ಕೆ ಹೇಳಿದಿರಿ: ಆಚೆಯವರು ನನ್ನ ಮತದಾರರಲ್ಲ ಕಣೇ.

ಫೋನು ಇಟ್ಟಿದ್ದು ನಾನೇ. ಲೈನು ಕಟ್ ಆಯಿತು ಎಂದು ನೀವು ತಿಳಿದುಕೊಂಡಿರಬಹುದು, ತಪ್ಪು.

ನಾನು ಯಾವ ದಡದವಳು? ಹೇಳಿ ನೋಡೋಣ. ಗಡಿ ತಕರಾರಿನ ಮೊಕದ್ದಮೆಗೆ ಎಂದು ಹೊಸ ಕಪ್ಪು ಕೋಟು ಹಾಕಿಕೊಂಡು ನಮ್ಮೂರಿಗೆ ದೋಣಿಯಲ್ಲಿ ಬಂದವರು, ನಡುಹೊಳೆಯಲ್ಲಿ ವಾಂತಿ ಮಾಡಿಕೊಂಡು, ನಮ್ಮ ಮನೆಯ ಬೆಂಚಿನ ಮೇಲೆ ಮಧ್ಯಾಹ್ನವಿಡೀ ಮಲಗಿದ್ದಿರಿ. ನಿಂಬೆಹಣ್ಣಿನ ನೀರು ತಂದುಕೊಟ್ಟವಳು ನಾನು. ಆಮೇಲೆ ಆ ಮೊಕದ್ದಮೆಗೆ ಅಷ್ಟೊಂದು ಸಲ ಬರುವ ಅಗತ್ಯವೇ ಇರಲಿಲ್ಲ ಎಂದು ಎರಡೂ ದಡಕ್ಕೆ ಗೊತ್ತಿತ್ತು. ಹೊಟ್ಟೆ ತೊಳಸಿದರೂ ದೋಣಿ ಹತ್ತುತ್ತಿದ್ದಿರಿ. ಆ ಮನುಷ್ಯನನ್ನು ನಾನು ಮದುವೆಯಾದೆ. ಆಚೆಯವರು ನನ್ನ ಮತದಾರರಲ್ಲ ಎಂದವರು ಯಾರೋ, ನನಗೆ ಪರಿಚಯವಿಲ್ಲ. ಇದನ್ನು ಬರೆಯುವಾಗ ನನಗೆ ಕೋಪಕ್ಕಿಂತ ಹೆಚ್ಚಾಗಿ ಅವಮಾನವಾಗುತ್ತಿದೆ. ಬಸ್ಸಿನಲ್ಲಿ ಇಳಿದು ನನ್ನ ತವರಿನ ಬೀದಿಯಲ್ಲಿ ನಡೆದುಹೋಗುವಾಗ ಜನ ಏನೂ ಅನ್ನುವುದಿಲ್ಲ, ಚೆನ್ನಾಗಿದ್ದೀಯೇನಮ್ಮ ಅನ್ನುತ್ತಾರೆ. ಬೈದಿದ್ದರೆ ವಾಸಿಯಿತ್ತು.

ಆದ್ದರಿಂದ ಕೇಳಿ. ವೇದಿಕೆಗೆ ನಾನು ಬರುವುದಿಲ್ಲ. ಎಡಗಡೆ ಕುರ್ಚಿಯಲ್ಲಿ ಸಹಾಯಕರನ್ನು ಕೂರಿಸಿಕೊಳ್ಳಿ, ನಗುವುದು ಅವರಿಗೆ ಚೆನ್ನಾಗಿ ಬರುತ್ತದೆ. ಅತ್ತೆಯೂ ಬರುವುದಿಲ್ಲ. ಮಂಡಿನೋವು ಅಂತ ಬರಿ ಅಂದಿದ್ದಾರೆ, ಬರೆದಿದ್ದೇನೆ, ಆದರೆ ಹೇಳುವಾಗ ಅವರು ಮಂಡಿ ಮುಟ್ಟಿಕೊಳ್ಳಲಿಲ್ಲ. ಮನೆಗೆ ನೀವು ಯಾವಾಗ ಬೇಕಾದರೂ ಬರಬಹುದು, ಅದು ನಿಮ್ಮದೂ ಮನೆ. ಒಬ್ಬರೇ ಬನ್ನಿ, ಸ್ಟಾಂಪು ಅಲ್ಲೇ ಬಿಟ್ಟು ಬನ್ನಿ. ಬಂದರೆ ಜಗಳವಾಡುತ್ತೇನೆ. ಜಗಳವಾಡಲು ಎದುರಿಗೆ ಯಾರೂ ಇಲ್ಲದೆ ಎರಡು ವರ್ಷವಾಯಿತು, ಅದೂ ಒಂದು ಕಷ್ಟವೇ.

ಇನ್ನು ನೀವು ಕೇಳಿದ ಆ ಕೊನೆಯ ಪುಟ. ಅದಕ್ಕಾಗಿ ನಿಮ್ಮವರು ದಿನಕ್ಕೆರಡು ಸಲ ಫೋನು ಮಾಡಿ ನನ್ನ ತಲೆ ತಿನ್ನುತ್ತಿದ್ದರು. ಈಗ ನಿಲ್ಲಿಸಿದ್ದಾರೆ. ಅದರ ಚಿಂತೆ ನಿಮಗೆ ಬೇಡ.

ಆರೋಗ್ಯ ನೋಡಿಕೊಳ್ಳಿ. ಊಟ ಬಿಟ್ಟು ಬರೀ ಕಾಫಿ ಕುಡಿಯಬೇಡಿ.

ಇಂತಿ,
ಆಚೆ ದಡದವಳು,
ಆದರೂ ನಿಮ್ಮವಳು

ಮರೆತದ್ದು:
ಶುಕ್ರವಾರ

ಮರೆತದ್ದು ಎಂದು ಬರೆದೆ, ಸುಳ್ಳು. ಬೇಕೆಂದೇ ಮುಚ್ಚಿಟ್ಟೆ. ಕಾಗದವನ್ನೂ ಬೇಕೆಂದೇ ಇಷ್ಟು ದಿನ ಅಂಚೆಗೆ ಹಾಕಲಿಲ್ಲ.

ಸೋಮವಾರ ಈ ಕಾಗದ ಬರೆಯಲು ಕೂರುವ ಮೊದಲೇ ನಾನು ಆ ಪುಟ ಕೊಟ್ಟಾಗಿತ್ತು. ನಿಮ್ಮ ಸಹಾಯಕರೇ ಹೇಳಿದ್ದರು: ಓದುತ್ತಾ ಕೂರಲು ನಮಗೆ ಸಮಯವಿಲ್ಲ ಮೇಡಂ, ನೇರ ಪ್ರೆಸ್ಸಿಗೆ ಕೊಟ್ಟುಬಿಡಿ. ಕೊಟ್ಟೆ. ಮನದ ಮಾತು ಕೇಳಿದ್ದಿರಿ, ಮನದ ಮಾತನ್ನೇ ಬರೆದೆ. ನಮ್ಮಿಬ್ಬರ ವಿಷಯ ಒಂದಕ್ಷರವೂ ಇಲ್ಲ, ಅದು ನಮ್ಮಲ್ಲೇ ಇರಲಿ. ಸೇತುವೆ ಆಚೆ ದಡಕ್ಕೆ ಇಳಿದಿಲ್ಲ, ಬಳಕೆಗೆ ಬಂದಿಲ್ಲ, ದೋಣಿ ನಿಂತಿದೆ, ಮಕ್ಕಳಿಗೆ ಪರೀಕ್ಷೆಗೆ ಬರಲಾಗುವುದಿಲ್ಲ. ಇಷ್ಟೇ. ನಗುವ ಫೋಟೋವನ್ನೂ ಕೊಟ್ಟಿದ್ದೇನೆ. ಪ್ರೆಸ್ಸಿನವರು ಅಚ್ಚಿನ ಮೊಳೆ ಜೋಡಿಸುವ ಮುಂಚೆ ಒಮ್ಮೆ ಫೋನು ಮಾಡಿ, ಹೀಗೇ ಹಾಕಲಾ ಅಮ್ಮ ಎಂದು ಕೇಳಿದರು. ಹಾಗೇ ಹಾಕಿ ಎಂದೆ. ಪುಸ್ತಕ ನಿನ್ನೆ ಅಚ್ಚಾಯಿತು. ಎರಡನೇ ಪುಟದಲ್ಲಿ ದಪ್ಪಕ್ಷರದಲ್ಲಿದೆ: "ಪ್ರಕಾಶಕರು: ಮಾನ್ಯ ಸಂಸದರ ಕಾರ್ಯಾಲಯ. ಇದರಲ್ಲಿರುವ ಎಲ್ಲ ಮಾಹಿತಿಗೂ ಸಂಸದರೇ ಹೊಣೆ." ಕೆಳಗೆ ನಿಮ್ಮ ಸಹಿಯ ಸ್ಟಾಂಪು.

ಒಂದು ಪ್ರತಿ ಹಿಡಿದುಕೊಂಡು ಬೆಳಿಗ್ಗೆ ಜಲಸಾರಿಗೆ ಕಚೇರಿಗೆ ಹೋಗಿದ್ದೆ. ಅಧಿಕಾರಿ ಕೊನೆಯ ಪುಟ ಓದಿದರು, ಎರಡನೇ ಪುಟ ನೋಡಿದರು, ಮತ್ತೆ ಕೊನೆಯ ಪುಟ ಓದಿದರು. ಸದಸ್ಯರ ಹೆಸರಿನಲ್ಲಿ ಬರಹ ಬಂದ ಹಾಗಾಯಿತಲ್ಲ ಮೇಡಂ ಅಂದರು. ಮಧ್ಯಾಹ್ನದ ಹೊತ್ತಿಗೆ ಬೀಗ ತೆಗೆದರು. ಗೊಣಗಣ್ಣ ಮತ್ತೆ ಗೊಣಗಲು ಶುರುಮಾಡಿದ್ದಾರೆ. ಸೋಮವಾರದಿಂದ ಮಕ್ಕಳು ಬರುತ್ತಾರೆ. ಗೂಡಿನವರ ಮಗಳಿಗೆ ಪಕ್ಕದಲ್ಲಿ ಕೂತು ಬರೆದುಕೊಡುವವರನ್ನು ಗೊತ್ತು ಮಾಡಿದ್ದೇನೆ.

ಈ ಕಾಗದ ನಿಮಗೆ ಸಿಗುವಷ್ಟರಲ್ಲಿ ಪುಸ್ತಕದ ಕಟ್ಟುಗಳು ಊರೂರಿಗೆ ಹೋಗಿರುತ್ತವೆ. ವಾಪಸು ತರಿಸಿಕೊಳ್ಳುತ್ತೇನೆ ಎಂದರೆ ತರಿಸಿಕೊಳ್ಳಿ, ನಾನು ಅಡ್ಡ ಬರುವುದಿಲ್ಲ. ಒಂದು ಕಟ್ಟು ಮಾತ್ರ ಆಚೆ ದಡದಲ್ಲಿದೆ. ಅದನ್ನು ತರಲು ನೀವು ದೋಣಿ ಹತ್ತಬೇಕಾಗುತ್ತದೆ.